ಮಂದಿ ಕೂಡೋದು ನಿಂತಿಲ್ರಿ, ಕೂಡಾಕ ಜಾಗ ಉಳಸ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ ರೀ,

ಹೋದ ರವಿವಾರ ನಿಮ್ಮ ಪುರವಣಿಯೊಳಗ ಒಂದು ಲೇಖನ ಬಂದಿತ್ತು. ಸಣ್ಣ ಊರುಗಳಾಗೂ ಈಗ ಮಂದಿ ಕೂಡೋದು ಮುಗೀತು, ಎಲ್ಲಾರೂ ಮೊಬೈಲ್ ಹಿಡ್ಕೊಂಡು ಒಳಗ ಕುಂತಬಿಟ್ಟಾರ, ಬಾಜೂ ಮನಿ ಸುದ್ದಿ ಈ ಮನಿಗೆ ಗೊತ್ತಿರಂಗಿಲ್ಲ ಅಂತ ಬರದಿದ್ರು. ಬರದವರು ಓದಿದವರು, ಊರೂರು ತಿರುಗಿದವರು ಇರಬೇಕು, ಆದ್ರ ಆ ಮಾತು ನನಗ ಒಪ್ಪಿಗಿ ಆಗ್ಲಿಲ್ರಿ. ನಮ್ಮ ಊರಾಗ ಒಂದು ವಾರ ಹೆಂಗ ಹೋಗ್ತೈತಿ ಅಂತ ಬರದು ಕಳಸಬೇಕು ಅನಿಸ್ತು, ಅದಕ್ಕ ಈ ಪತ್ರ. ಉದ್ದ ಆದ್ರ ಕತ್ತರಿಸಬ್ಯಾಡ್ರಿ, ಜಾಗ ಇಲ್ಲಂದ್ರ ಎರಡು ಸಲ ಹಾಕ್ರಿ.

ನಮ್ಮದು ಬಾಗಲಕೋಟಿ ಜಿಲ್ಲಾದಾಗ ಗುಳೇದಗುಡ್ಡದಿಂದ ಭಾಳ ದೂರ ಇಲ್ಲದ ಒಂದು ಸಣ್ಣ ಪ್ಯಾಟಿ. ಹೆಸರು ಬರಿಯಂಗಿಲ್ಲ ಯಾಕಂದ್ರ ನಾ ಹೇಳೋದು ಒಂದ ಊರಿನ ಮಾತಲ್ಲ. ನಾ ಮನಿ ಮುಂದಿನ ಪಡಸಾಲಿಯೊಳಗ ಹೊಲಿಗಿ ಮಷಿನ್ ಇಟ್ಕೊಂಡು ಜಂಪರು, ಕುಬಸ ಹೊಲಿತೀನಿ. ಯಾರ ಮನ್ಯಾಗ ಏನ ಕಾರ್ಯ ಇದ್ರೂ ಮೊದಲ ಅರಿವಿ ಬರೋದು ನನ್ನ ಹಂತ್ಯಾಕ. ಮದುವಿ ಪತ್ರಿಕಾ ಛಾಪ ಆಗೂಕಿಂತ ಮೊದಲ ನನಗ ಗೊತ್ತಾಗಿರ್ತೈತಿ ಈ ಮನ್ಯಾಗ ಮದುವಿ ಐತಿ ಅಂತ, ಯಾಕಂದ್ರ ಮದುಮಗಳ ಅಳತಿ ತಗೊಳ್ಳಾಕ ಅವ್ವ ಮಗಳು ಬಂದು ಕುಂತಿರ್ತಾರ. ಹಂಗ ಕುಂತವರು ಅಳತಿ ಕೊಟ್ಟು ಎದ್ದು ಹೋಗಂಗಿಲ್ರಿ, ಚಹಾ ಆಗ್ತೈತಿ, ಅವರು ಹೋಗೂದ್ರಾಗ ಮತ್ತೊಬ್ಬರು ಬರ್ತಾರ, ಅವರ ಸುದ್ದಿ ಇವರಿಗೆ ಇವರ ಸುದ್ದಿ ಅವರಿಗೆ.

ನಮ್ಮ ಕಡೆ ಹೆಣ್ಣಮಗಳು ಮನಿಗೆ ಬಂದ್ರ ಬರೇ ಕೈಲೆ ಕಳಸೋ ಪದ್ಧತಿ ಇಲ್ಲ ಅಂತ ನಿಮಗೂ ಗೊತ್ತೈತಿ. ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಷಿಣ ಕೊಂಬು, ಎಲಿ ಅಡಕಿ, ಬಾಳಿಹಣ್ಣು, ಮ್ಯಾಲೆ ಒಂದು ಖಣ, ಅಂದ್ರ ಜಂಪರಿನ ಅರಿವಿ. ಗುಳೇದಗುಡ್ಡದ ಖಣ ಅಂದ್ರ ಕುಣಿ ಮಗ್ಗದಾಗ ರೇಷ್ಮಿ ಹತ್ತಿ ಕೂಡಿಸಿ ನೇಯ್ದಿದ್ದು, ಅದರಾಗ ತೇರು, ಆನಿ ಹೆಜ್ಜಿ, ಕಳಾವರ ಅಂತ ಎಷ್ಟೋ ನಮೂನಿ, ಅದಕ್ಕ ಇದು ಈ ಊರಿಂದ ಅಂತ ತೋರಿಸೋ ಜಿಐ ಅನ್ನೋ ಸರ್ಕಾರದ ಗುರುತೂ ಸಿಕ್ಕೈತಿ. ಇಳಕಲ್ ಸೀರಿಗೆ ಅದ ಖಣ ಇದ್ರನ ಜೋಡಿ ಕೂಡ್ತೈತಿ ಅಂತ ಹಿರೇರು ಅಂತಾರ. ಈಗ ಕುಣಿ ಮಗ್ಗ ಕಡಿಮಿ ಆಗ್ಯಾವು, ಪವರ್‌ಲೂಮಿನ ಪಾಲಿಸ್ಟರ್ ಖಣ ಕಡಿಮಿ ರೊಕ್ಕಕ್ಕ ಸಿಗ್ತೈತಿ, ಉಡಿ ತುಂಬಾಕ ಭಾಳ ಮಂದಿ ಅದನ್ನ ಒಯ್ತಾರ. ನೇಕಾರರ ಪಾಡು ಬ್ಯಾರೆ ಪತ್ರಕ್ಕ ಸಾಲುವಷ್ಟು ಐತಿ, ಇಲ್ಲೆ ಬ್ಯಾಡ. ನಾ ಹೇಳಬೇಕಂದಿದ್ದು ಏನಂದ್ರ ಉಡ್ಯಾಗ ಬಂದ ಖಣ ಎಲ್ಲಾನೂ ಹೊಲಿಗಿಗೆ ಬರಂಗಿಲ್ಲ. ಒಬ್ಬಾಕಿ ಉಡ್ಯಾಗ ಬಂದಿದ್ದನ್ನ ಅಕಿ ಟ್ರಂಕಿನ್ಯಾಗ ಇಡ್ತಾಳ, ಮುಂದ ಅಕಿ ಮನಿಗೆ ಯಾರರೆ ಬಂದ್ರ ಅದ ಖಣ ಅವರ ಉಡಿಗೆ ಹೋಗ್ತೈತಿ, ಹಿಂಗ ಓಣಿ ದಾಟಿ ಊರು ದಾಟಿ ತಿರುಗಿ ತಿರುಗಿ ಕಡೀಕ ಯಾರಿಗೋ ಬಣ್ಣ ಮನಸಿಗೆ ಬಂದು ಅಕಿ ಹೊಲಿಸಾಕ ತರ್ತಾಳ. ಮಡಚಿದ ಗೆರಿ ನೋಡಿದ್ರ ನನಗ ತಿಳಿತೈತಿ ಇದು ಎಷ್ಟು ಮನಿ ಕಂಡೈತಿ ಅಂತ. ಮಂದಿ ಮಂದೀನ ಕಾಣಾಕ ಹೋಗೋದು ನಿಂತಿದ್ರ ಈ ಖಣ ತಿರುಗತಿದ್ದಿಲ್ಲ.

ಈಗ ಹೋದ ವಾರದ್ದು ಹೇಳ್ತೀನಿ.

ನಮ್ಮ ಓಣಿ ಹುಡುಗಿ ಒಬ್ಬಾಕೀದು ಕುಬಸದ ಕಾರ್ಯ, ಅಂದ್ರ ಸೀಮಂತ, ಇತ್ತು. ಜಮಖಂಡಿ ಕಡೆ ಕೊಟ್ಟಾರ, ಚೊಚ್ಚಲ ಬಸುರಿ, ಏಳು ತಿಂಗಳದಾಗ ತವರಿಗೆ ಕರ್ಕೊಂಡು ಬಂದಿದ್ರು. ಗಂಡನ ಮನ್ಯಾಗ ಒಂದು ಆಗಿತ್ತು, ಇದು ತವರಿಂದು. ಅವರಪ್ಪ ಬೈಪಾಸ್ ಕಡೆ ಇರೋ ಮಂಗಲ ಕಾರ್ಯಾಲಯ ಹಿಡೀಬೇಕು ಅಂತ ಅಡ್ವಾನ್ಸ್ ಕೊಡಾಕ ಹೊಂಟಿದ್ದ, ಹುಡುಗಿ ಅಜ್ಜಿ ಬ್ಯಾಡ ಅಂದ್ಲು. ನನ್ನ ಕಾಲು ಅಲ್ಲಿ ತನಕ ನಡಿಯಂಗಿಲ್ಲ, ಆಟೋದಾಗ ಹೋಗಿ ಯಾರದೋ ಕುರ್ಚಿ ಮ್ಯಾಲೆ ಕುಂತು ಬರಾಕ ನನಗ ಮನಸಿಲ್ಲ, ಇಲ್ಲೇ ಓಣ್ಯಾಗ ಪೆಂಡಾಲ್ ಹಾಕ್ರಿ ಅಂತ ಹಟ ಹಿಡಿದ್ಲು. ಹಾಕಿದ್ರು. ಹಿಂದಿನ ರಾತ್ರಿ ಓಣಿ ಹುಡುಗ್ರ ಬಡಿಗಿ ಹಿಡ್ಕೊಂಡು ನಿಂತು ಕಟ್ಟಿದ್ರು, ಮುಂಜಾನೆ ಹೆಣ್ಣಮಕ್ಕಳು ಸಗಣಿ ನೀರು ಹೊಡದು ರಂಗೋಲಿ ಹಾಕಿದ್ರು. ರೊಟ್ಟಿ ಬಡಿಯಾಕ ಒಂದ ಮನಿ ಒಲಿ ಸಾಲಂಗಿಲ್ಲ ಅಂತ ನಾಕ ಮನಿ ಒಲಿ ಹತ್ತಿದ್ವು. ಜೋಳದ ರೊಟ್ಟಿ ಒಂದ ಮನ್ಯಾಗ, ಎಣಗಾಯಿ ಇನ್ನೊಂದ್ರಾಗ, ಹೋಳಿಗಿ ಹೂರಣ ಮತ್ತೊಂದ್ರಾಗ ಅರದಿದ್ದು.

ಬೀಗರು ಕ್ರೂಸರ್ ಮಾಡ್ಕೊಂಡು ಬಂದ್ರು. ಹಸರ ಸೀರಿ, ಹಸರ ಬಳಿ, ಉಂಡಿ ಕರ್ಚಿಕಾಯಿ ಬುಟ್ಟಿ. ಬಳಿಗಾರ ಕಾಕಾ ಬಂದು ಓಣಿ ಹೆಂಗಸರಿಗೆಲ್ಲ ಬಳಿ ಇಡಿಸಿದ, ನಮ್ಮ ಕಡೆ ಕುಬಸದಾಗ ಬಂದವರಿಗೆಲ್ಲ ಬಳಿ ಇಡಿಸೋದು ಇರ್ತೈತಿ, ಮುಸಲ್ಮಾನರ ಮನಿ ಅಕ್ಕಾರೂ ಬಂದು ಕೈ ಚಾಚಿ ಕುಂತಿದ್ರು, ಬಳಿಗಾರ ಕಾಕಾನೂ ಅವರ ಪೈಕಿನ. ಮಣಿ ಮ್ಯಾಲೆ ಹುಡುಗೀನ ಕುಂಡ್ರಿಸಿ ಆರತಿ ಎತ್ತಿದ ಮ್ಯಾಲೆ ಅಜ್ಜಿ ಹಾಡಾಕ ಸುರು ಮಾಡಿದ್ಲು. ಆ ಹಾಡು ಈಗಿನ ಹುಡುಗ್ಯಾರಿಗೆ ಬರಂಗಿಲ್ಲ, ಎರಡನೇ ಸಾಲು ಹಿಡಿಯಾಕ ಬರೋರು ನಾವು ನಾಕೈದು ಮಂದಿ ಅಷ್ಟ. ಆದ್ರ ಕಾಲೇಜು ಓದೋ ಹುಡುಗ್ಯಾರು ಮೊಬೈಲ್ ತಗದು ಅಜ್ಜಿ ಬಾಯಿ ಮುಂದ ಹಿಡಿದು ಪೂರಾ ಹಾಡು ರೆಕಾರ್ಡ್ ಮಾಡ್ಕೊಂಡ್ರು, ತಿಳೀಲಾರದ ಮಾತು ಬಂದ್ರ ಅಜ್ಜಿ ಅದೇನಂದಿ ಅಂತ ಕೇಳಿ ಬರ್ಕೊಂಡ್ರು, ಮರುದಿನ ಅದನ್ನ ಕೇಳ್ಕೋತ ಕಲಿಯಾಕ ಹತ್ಯಾರ. ಲೇಖನ ಬರದವರು ಮೊಬೈಲಿಗೆ ಎಲ್ಲಾ ತಪ್ಪು ಹೊರಿಸ್ಯಾರಲ್ಲ, ಅದಕ್ಕ ಇದನ್ನ ಹೇಳಿದ್ನಿ. ಆ ಕಾರ್ಯ ಕಾರ್ಯಾಲಯದಾಗ ಆಗಿದ್ರ ಅಜ್ಜಿ ಬರತಿದ್ದಿಲ್ಲ, ಹಾಡೂ ಬರತಿದ್ದಿಲ್ಲ, ಸ್ಪೀಕರಿನ್ಯಾಗ ಯಾವದೋ ಹಾಡು ಹಚ್ಚಿ ಊಟ ಮಾಡಿ ಕೈ ತೊಳ್ಕೊಂಡು ಬರತಿದ್ವಿ.

ಅದ ದಿನ ಸಂಜಿಕ ಕೆಳಗಿನ ಓಣ್ಯಾಗ ಹಿರೇ ಮನಷ್ಯಾ ಒಬ್ಬರು ತೀರ್ಕೊಂಡ್ರು. ಮಗ್ಗ ನೇಯ್ದು ಬಾಳೇವು ಮಾಡಿದವರು. ಪೆಂಡಾಲ್ ಇನ್ನೂ ಬಿಚ್ಚಿದ್ದಿಲ್ಲ. ಮುಂಜಾನೆ ಹಾಡಿದ ಹೆಂಗಸರ ಸಂಜಿಕ ಸಾದಾ ಸೀರಿ ಉಟ್ಕೊಂಡು ಅಲ್ಲಿ ಹೋಗಿ ಕುಂತ್ರು, ಅದ ಪೆಂಡಾಲಿನ ತಗಡು ಕುರ್ಚಿ ಹುಡುಗ್ರು ಹೊತ್ಕೊಂಡು ಅಲ್ಲಿ ಒಯ್ದು ಹಾಕಿದ್ರು. ರಾತ್ರಿ ಎಲ್ಲಾ ಭಜನಿ ಆತು. ವಾಟ್ಸಾಪ್ ಗ್ರೂಪಿನ್ಯಾಗ ಓಂ ಶಾಂತಿ ಅಂತ ನೂರಾರು ಬಂದ್ವು, ಅದು ಖರೆ, ಆದ್ರ ಓಂ ಶಾಂತಿ ಹಾಕಿದವರಾಗ ಊರಾಗಿದ್ದವರು ಬಹುತೇಕ ಮಣ್ಣಿಗೂ ಬಂದಿದ್ರು. ಪುಣೆ, ಸಾಂಗ್ಲಿ, ಬೆಂಗಳೂರಿನ್ಯಾಗ ದುಡಿಯಾಕ ಹೋದ ಹುಡುಗ್ರಿಗೆ ಸುದ್ದಿ ಅದರಾಗ ಮುಟ್ಟಿ ರಾತ್ರಿ ಬಸ್ ಹತ್ತಿ ಬಂದ್ರು. ಮೂರು ದಿನದ ತನಕ ಆ ಮನ್ಯಾಗ ಒಲಿ ಹತ್ತಲಿಲ್ಲ, ಓಣಿಯವರ ಪಾಳಿ ಹಚ್ಕೊಂಡು ಅನ್ನ ಸಾರು, ರೊಟ್ಟಿ ಪಲ್ಯ ಒಯ್ದು ಕೊಟ್ರು. ಯಾರೂ ಯಾರಿಗೂ ಹೇಳಿದ್ದಲ್ಲ. ಅವರ ಮನಿ ಸಣ್ಣದು, ಒಳಗ ಹತ್ತ ಮಂದಿ ಕುಂದರಂಗಿಲ್ಲ, ಮನಿ ಮುಂದಿನ ಎರಡೂ ಕಡಿ ಕಟ್ಟಿ ಮೊನ್ನೆ ಗಟಾರ ಮಾಡೋವಾಗ ಒಡದು ಹಾಕ್ಯಾರ. ಮಾತಾಡ್ಸಾಕ ಬಂದ ಮುದುಕ್ಯಾರು ಗಟಾರದ ಕಲ್ಲಿನ ಮ್ಯಾಲೆ, ಬಿಸಿಲಾಗ ಸೆರಗು ಹೊಚ್ಕೊಂಡು ಕುಂತಿದ್ರು. ನೋಡಿ ನನ್ನ ಹೊಟ್ಟಿ ಉರೀತು.

ಇಲ್ಲೇ ನನ್ನ ಮಾತಿನ ಮೂಲ ಐತ್ರಿ ಸಂಪಾದಕರ. ಮಂದಿ ಕೂಡೋದು ಬಿಟ್ಟಿಲ್ಲ. ಕೂಡಾಕ ಇದ್ದ ಜಾಗ ಒಂದೊಂದ ಒಂದೊಂದ ತಗದು ಹಾಕಾಕ ಹತ್ಯಾರ, ತಗದು ಹಾಕಿದವರೇ ಮುಂದ ಬಂದು ಮಂದಿ ಕೂಡಂಗಿಲ್ಲ ಅಂತಾರ.

ಹಣಮಪ್ಪನ ಗುಡಿ ಮುಂದಿನ ಬೇವಿನ ಗಿಡದ ಕಟ್ಟಿ ರಸ್ತೆ ಅಗಲ ಮಾಡೋವಾಗ ಹೋತು. ಗಿಡಾನೂ ಹೋತು. ಅಲ್ಲಿ ಮುಂಜಾನೆ ಒಂದ ಪೇಪರ್ ತಂದು ಒಬ್ಬರು ಜೋರಲೆ ಓದೋದು, ಉಳಿದವರು ಕೇಳೋದು ಇತ್ತು, ಓದಾಕ ಬರದವರಿಗೂ ದೇಶದ ಸುದ್ದಿ ಮುಟ್ಟತಿತ್ತು, ನಿಮ್ಮ ಪತ್ರಿಕಾನೂ ಅಲ್ಲೇ ಓದತಿದ್ರು. ಈಗ ಆ ಹಿರೇರು ಅಂಗಡಿ ಮೆಟ್ಟಲ ಮ್ಯಾಲೆ ಕುಂದರ್ತಾರ, ಗಿರಾಕಿ ಬಂದ್ರ ಏಳಬೇಕು. ಮಿರ್ಚಿ ಭಜಿ ಅಂಗಡ್ಯಾಗ ಕುಂದರಬೇಕಂದ್ರ ಏನರೆ ತಗೋಬೇಕು, ಪಿಂಚಣಿ ರೊಕ್ಕದಾಗ ದಿನಾ ಚಹಾ ಕುಡದು ಕುಂದ್ರಾಕ ಆಗಂಗಿಲ್ಲ ಎಲ್ಲಾರಿಗೂ. ಗಂಡಸರ ಮಾತು ಇಷ್ಟ ಸಾಕು, ಅವರದು ಅವರ ಬರೀಲಿ. ಹೆಂಗಸರದು ಯಾರೂ ಬರಿಯಂಗಿಲ್ಲ, ಅದಕ್ಕ ನಾ ಬರೀತೀನಿ.

ಸಂತಿ ಬಗ್ಗೆ ಹೇಳ್ತೀನಿ ಕೇಳ್ರಿ. ನಮ್ಮ ಊರಿನ ವಾರದ ಸಂತಿ ಅಂದ್ರ ಕಾಯಿಪಲ್ಯ ತಗೊಳ್ಳೋ ಜಾಗ ಅಂತ ನಕ್ಷಿ ಮಾಡೋ ಸಾಹೇಬರು ತಿಳ್ಕೊಂಡಾರ. ಸುತ್ತಲಿನ ಹಳ್ಳಿಯಿಂದ ಹೆಣ್ಣಮಕ್ಕಳು ಪುಂಡಿ ಪಲ್ಯ, ರಾಜಗಿರಿ, ಹಕ್ಕರಕಿ, ಸೌತಿಕಾಯಿ, ಮೆಣಸಿನಕಾಯಿ ಗಂಟು ಕಟ್ಕೊಂಡು ಬರ್ತಾರ, ಒಂದು ಚೀಲ ಹಾಸಿ ತಮ್ಮ ತಮ್ಮ ಜಾಗದಾಗ ಕುಂದರ್ತಾರ. ಯಾರ ಜಾಗ ಎಲ್ಲಿ ಅಂತ ಬರದಿಟ್ಟಿಲ್ಲ, ಅತ್ತಿ ಕುಂತ ಜಾಗದಾಗ ಸೊಸಿ ಕುಂದರ್ತಾಳ. ಈ ಕಡೆ ಹೆಣ್ಣು ಕೊಡೋದು ತರೋದು ಇಲ್ಲೇ ಸುತ್ತಮುತ್ತಲಿನ ಹಳ್ಳಿಯೊಳಗ ಅಲ್ರಿ, ಹಿಂಗಾಗಿ ಆ ಹಳ್ಳಿಯಿಂದ ಅವ್ವ ಪಲ್ಯ ಮಾರಾಕ ಬಂದಿರ್ತಾಳ, ಈ ಹಳ್ಳಿಗೆ ಕೊಟ್ಟ ಮಗಳು ಸಂತಿ ಮಾಡಾಕ ಬರ್ತಾಳ. ತವರಿಗೆ ಹೋಗಬೇಕಂದ್ರ ಗಂಡನ ಮನ್ಯಾಗ ಕೇಳಬೇಕು, ಕಾರಣ ಬೇಕು, ಹೊಲದ ಕೆಲಸ ಬಿಡಬೇಕು. ಸಂತಿಗೆ ಬರಾಕ ಯಾರನ್ನೂ ಕೇಳೋದು ಬ್ಯಾಡ. ಅವ್ವನ ಚೀಲದ ಬಾಜೂ ಕುಂತು ಒಂದು ತಾಸು ಮಾತಾಡಿ, ಅವ್ವ ಕಟ್ಕೊಂಡು ಬಂದ ರೊಟ್ಟಿ ಹಿಂಡಿ ಇಬ್ಬರೂ ಕೂಡಿ ತಿಂದು, ಮೊಮ್ಮಗನ ಕೈಯಾಗ ಚುರಮರಿ ಪೊಟ್ಟಣ ಹಿಡಿಸಿ ಕಳಸ್ತಾಳ ಆ ಮುದುಕಿ. ಅಳೋದು ನಗೋದು ಎಲ್ಲಾ ಅಲ್ಲೇ. ಗಂಡ ಕುಡದು ಬಡೀತಾನ ಅಂತ ಮಗಳು ಅವ್ವನ ಮುಂದ ಹೇಳೋದು ಅಲ್ಲಿ, ಅದು ಬಾಜೂ ಕುಂತ ಬಳ್ಳೊಳ್ಳಿ ಮಾರೋ ಮುದುಕಿ ಕಿವಿಗೆ ಬಿದ್ದು ಅಕಿ ಆ ಊರ ಹಿರೇರಿಗೆ ಮುಟ್ಟಿಸಿ, ಮುಂದಿನ ಸಂತಿ ಹೊತ್ತಿಗೆ ನಾಕ ಮಂದಿ ಹೋಗಿ ಅಂವಗ ಬುದ್ಧಿ ಹೇಳಿ ಬಂದದ್ದು ನಾ ಕಣ್ಣಾರೆ ನೋಡೀನಿ.

ಈಗ ಈ ಸಂತಿನ ಊರ ಹೊರಗ ಬೈಪಾಸ್ ದಾಟಿ ಒಂದು ಬಯಲಿಗೆ ಒಯ್ಯಬೇಕು ಅನ್ನೋ ಮಾತು ನಡದೈತಿ. ಊರೊಳಗ ಟ್ರಾಫಿಕ್ ಆಗ್ತೈತಿ ಅಂತ ಕಾರಣ. ಆಗ್ತೈತಿ, ಸುಳ್ಳಲ್ಲ, ವಾರದಾಗ ಒಂದು ದಿನ ಗಾಡಿ ಹೋಗಾಕ ತ್ರಾಸ ಐತಿ, ಅಂಬ್ಯುಲೆನ್ಸ್ ಬಂದ್ರ ಹೆಂಗ ಅಂತ ಕೇಳಿದ್ರ ಅದಕ್ಕ ಉತ್ತರ ಬೇಕು. ಆದ್ರ ಆ ಬಯಲಿನ್ಯಾಗ ಒಂದು ಗಿಡ ಇಲ್ಲ, ನೀರಿಲ್ಲ, ಹೆಂಗಸರಿಗೆ ಪಾಯಖಾನಿ ಇಲ್ಲ, ಬಸ್ ಅಲ್ಲಿ ನಿಂದ್ರಂಗಿಲ್ಲ. ಊರಿನ ಮುದುಕ್ಯಾರು ಅಲ್ಲಿತನಕ ಹೋಗಂಗಿಲ್ಲ. ಹಳ್ಳಿಯಿಂದ ಗಂಟು ಹೊತ್ಕೊಂಡು ಬರೋರು ಸ್ಟ್ಯಾಂಡಿನಿಂದ ಆಟೋ ಮಾಡಿದ್ರ ಪಲ್ಯ ಮಾರಿದ ರೊಕ್ಕದಾಗ ಉಳಿಯೋದೇನು? ಇಬ್ಬರು ಮೂವರು ವ್ಯಾಪಾರಿಗಳು ಗಾಡಿ ಮ್ಯಾಲೆ ಹಾಕಿ ಮಾರ್ತಾರ, ಚೀಲ ಹಾಸಿ ಕುಂದರೋರು ಬರೋದು ನಿಂದರ್ತಾರ, ಅವರ ಜೋಡಿ ಅವ್ವ ಮಗಳು ಕೂಡೋದೂ ನಿಂದರ್ತೈತಿ.

ನನ್ನ ಮಗಳು ವಿಜಯಪುರದಾಗ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಾಗ ಓದ್ತಾಳ. ಅಕಿ ಹುಡುಕಿ ಓದಿ ಹೇಳಿದ್ಲು, 2014ರಾಗ ಕೇಂದ್ರದವರು ಬೀದಿ ಬದಿ ವ್ಯಾಪಾರ ಮಾಡೋರ ಸಲುವಾಗಿ ಒಂದು ಕಾಯ್ದೆ ಮಾಡ್ಯಾರಂತ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಅಂತ ಇರಬೇಕು, ಅದರಾಗ ನೂರಕ್ಕ 40ಕ್ಕ ಕಡಿಮಿ ಇಲ್ಲದಂಗ ವ್ಯಾಪಾರ ಮಾಡೋರ ಪ್ರತಿನಿಧಿಗಳ ಇರಬೇಕು, ಆ ಪ್ರತಿನಿಧಿಗಳಾಗ ಮೂರರಾಗ ಒಂದು ಪಾಲು ಹೆಂಗಸರು. ಇನ್ನೊಂದು ಮಾತು ಐತಿ ಅದರಾಗ, ಮಂದಿ ತಾವಾಗೇ ಕೂಡಿ ನಡಸ್ಕೊಂಡು ಬಂದ ಮಾರ್ಕೆಟ್ 50 ವರ್ಷಕ್ಕಿಂತ ಹಳೇದಿದ್ರ ಅದನ್ನ ಪಾರಂಪರಿಕ ಮಾರುಕಟ್ಟೆ ಅಂತ ಘೋಷಣಾ ಮಾಡಬೇಕು, ಅಲ್ಲಿ ಕುಂತವರನ್ನ ಬ್ಯಾರೆ ಕಡೆ ಎಬ್ಬಿಸಬಾರ್ದು ಅಂತ. ನಮ್ಮ ಸಂತಿ ನಮ್ಮ ಅಜ್ಜಿ ಹುಟ್ಟೂಕಿಂತ ಮೊದಲಿಂದು. ಸಂತ್ಯಾಗ ಕುಂದರೋ ಹೆಣ್ಣಮಕ್ಕಳನ್ನ ನಾ ಕೇಳಿದ್ನಿ, ಯವ್ವಾ ನಿಮ್ಮನ್ನ ಯಾರರೆ ಸಭಾಕ್ಕ ಕರದಾರೇನು ಅಂತ. ಯಾರನ್ನೂ ಕರದಿಲ್ಲ. ಅಂಥಾ ಸಮಿತಿ ಒಂದು ಐತಿ ಅನ್ನೋದ ಅವರಿಗೆ ಗೊತ್ತಿಲ್ಲ.

ಸಂಘದ ಮಾತೂ ಹಂಗ ಐತಿ. ನಮ್ಮದು ಸ್ತ್ರೀಶಕ್ತಿ ಸಂಘ, ವಾರಕ್ಕೊಮ್ಮೆ ಕೂಡ್ತೀವಿ, ಉಳಿತಾಯ ಕಟ್ತೀವಿ, ಸಾಲ ಬೇಕಾದವರು ಕೇಳ್ತಾರ. ಮೊದಲ ಸಮುದಾಯ ಭವನದಾಗ ಕೂಡತಿದ್ವಿ, ಈಗ ಅದರ ಕೀಲಿ ಯಾರ ಕೈಯಾಗ ಐತಿ ಅಂತ ಹುಡುಕೋದ ಒಂದು ಕೆಲಸ ಆಗೈತಿ, ಅದಕ್ಕ ನನ್ನ ಪಡಸಾಲಿಯೊಳಗ ಮಷಿನ್ ಸರಿಸಿ ಕುಂದರ್ತೀವಿ. ಹೋದ ವಾರ ರೊಕ್ಕದ ಲೆಕ್ಕ ಮುಗದ ಮ್ಯಾಲೆ ಒಬ್ಬಾಕಿ ಸುಮ್ಮನ ಕುಂತಿದ್ಲು, ಏಳವಲ್ಲಳು. ಯಾಕ ತಂಗಿ ಅಂತ ಕೇಳಿದ್ರ ಕಣ್ಣೀರು ತಗದ್ಲು. ಮೈಕ್ರೋ ಫೈನಾನ್ಸಿನವರಿಂದ ಎರಡು ಮೂರು ಕಡೆ ಸಾಲ ತಗೊಂಡಾಳ, ಕಂತು ಕಟ್ಟಾಕ ಆಗವಲ್ತು, ಮನಿ ಮುಂದ ಬಂದು ನಿಂತು ಜೋರು ಮಾಡ್ತಾರ, ಗಂಡಗ ಹೇಳಿಲ್ಲ. 2025ರ ಫೆಬ್ರವರಿಯೊಳಗ ಹಿಂಗ ಕಿರುಕುಳ ಕೊಡಬಾರ್ದು ಅಂತ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು ನಿಮ್ಮ ಪೇಪರಿನ್ಯಾಗ ಓದಿದ್ದು ನಮ್ಮೊಳಗ ಒಬ್ಬಾಕಿಗೆ ನೆನಪಿತ್ತು, ಅಕಿನ ಮರುದಿನ ಕರ್ಕೊಂಡು ಹೋಗಿ ಪೊಲೀಸ್ ಸ್ಟೇಷನ್ನಿನ್ಯಾಗ ಹೇಳಿಸಿ ಬಂದ್ಲು, ಗಂಡಗ ಹೇಳಾಕೂ ನಾವ ಇಬ್ಬರು ಜೋಡಿ ಹೋದ್ವಿ. ಅಕಿ ಒಬ್ಬಾಕೀನ ಮನ್ಯಾಗ ಕುಂತಿದ್ರ ಏನ ಮಾಡ್ಕೋತಿದ್ಲೋ ಏನೋ, ಇಂಥಾ ಸುದ್ದಿ ಈ ಕಡೆ ಎಷ್ಟು ಕೇಳೀವಿ. ಒಂದು ಪಡಸಾಲಿ ಇತ್ತು, ಕುಂದರಾಕ ಹೊತ್ತಿತ್ತು, ಬಾಯಿ ಬಿಟ್ಲು.

ಇನ್ನ ಅಮಾವಾಸಿ. ಹೆಣ್ಣಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟ ಮಾಡಿದ ಶಕ್ತಿ ಯೋಜನಾ 2023ರ ಜೂನ್ 11ಕ್ಕ ಸುರು ಆದಾಗಿಂದ ನಮ್ಮ ಹೆಣ್ಣಮಕ್ಕಳ ತಿರುಗಾಟ ಹೆಚ್ಚಾಗೈತಿ, ಅದರ ಬಗ್ಗೆ ಹಗುರ ಮಾತಾಡೋರು ಅದಾರ, ಬಸ್ಸಿನ್ಯಾಗ ಜಾಗ ಸಿಗಂಗಿಲ್ಲ ಅಂತ ಬೈತಾರ. ಬಸ್ ಹೆಚ್ಚು ಬಿಡ್ರಿ ಅಂತ ಕೇಳಬೇಕಾದ್ದು ಅವರು, ಹೆಣ್ಣಮಕ್ಕಳು ಮನ್ಯಾಗ ಇರ್ರಿ ಅನ್ನೋದಲ್ಲ. ಹೊಲ ಮನಿ ಬಿಟ್ಟು ಬ್ಯಾರೆ ಊರ ನೋಡದ ಮುದುಕ್ಯಾರು ಈಗ ಆಧಾರ್ ಕಾರ್ಡು ಸೆರಗಿನ ತುದಿಗೆ ಕಟ್ಕೊಂಡು ಕೂಡಲಸಂಗಮಕ್ಕ, ಸವದತ್ತಿ ಎಲ್ಲಮ್ಮಗ, ಬಾದಾಮಿ ಬನಶಂಕರಿಗೆ ಹೋಗಿ ಬರ್ತಾರ. ನಾವೂ ಹೋದ ಅಮಾವಾಸಿಗೆ ಬನಶಂಕರಿಗೆ ಹೋಗಿದ್ವಿ. ಗುಡಿ ಮುಂದ ಬುಟ್ಟಿ ಇಟ್ಕೊಂಡು ಕುಂತ ಹೆಣ್ಣಮಕ್ಕಳ ಕಡೆ ರೊಟ್ಟಿ, ಗಡಿಗಿ ಮೊಸರು, ಶೇಂಗಾ ಚಟ್ನಿ ಉಂಡ್ವಿ, ಉಣ್ಣಾಕ ಕುಂತದ್ದು ಹರಿದ್ರಾ ತೀರ್ಥದ ದಂಡಿ ಮ್ಯಾಲೆ. ಆ ಹೊಂಡದ ಸುತ್ತ ಮೂರೂ ಕಡೆ ಕಲ್ಲಿನ ಮಂಟಪದ ಸಾಲು ಐತಿ, ನೀವೂ ನೋಡಿರಬೇಕು. ಅದನ್ನ ಕಟ್ಟಿಸಿದವರು ದೇವರಿಗೆ ಗುಡಿ ಅಷ್ಟ ಕಟ್ಟಿಸಿ ಬಿಡಲಿಲ್ಲ. ದೂರಿಂದ ಬಂದವರು ಕುಂದರ್ತಾರ, ಬುತ್ತಿ ಬಿಚ್ತಾರ, ಮಳಿ ಬಿಸಿಲಿಗೆ ನೆಳ್ಳು ಬೇಕು, ಒಬ್ಬರನ್ನೊಬ್ಬರು ಮಾತಾಡಸ್ತಾರ ಅಂತ ಲೆಕ್ಕ ಹಾಕಿ ಕಲ್ಲು ನಿಲ್ಲಿಸ್ಯಾರ. ಇಷ್ಟು ಶತಮಾನದ ಹಿಂದ ಅವರಿಗೆ ಹೊಳದದ್ದು ಈಗಿನ ನಕ್ಷಿಯೊಳಗ ಯಾಕ ಬರವಲ್ತು? ತಿರುಗಿ ಬರೋವಾಗ ನಮ್ಮ ಊರ ಸ್ಟ್ಯಾಂಡಿನ್ಯಾಗ ಇಳದ್ವಿ, ಅಲ್ಲಿ ಕುಂದರೋ ಕಲ್ಲಿನ ಅರ್ಧ ಜಾಗದಾಗ ಯಾರದೋ ಸಾಮಾನು, ಹೆಂಗಸರ ಪಾಯಖಾನಿಗೆ ಕೀಲಿ. ನಮ್ಮ ಜೋಡಿ ಬಂದಿದ್ದ ಸಕ್ಕರಿ ಬ್ಯಾನಿ ಇರೋ ಅಕ್ಕಾರು ಪಟ್ಟ ತ್ರಾಸ ನಾ ಇಲ್ಲೆ ಬರಿಯಂಗಿಲ್ಲ.

ಬಾಗಲಕೋಟಿ ನವನಗರದಾಗ ನನ್ನ ತಂಗಿ ಇರ್ತಾಳ. ಅಕಿ ಅತ್ತಿ ಹಳೇ ಬಾಗಲಕೋಟಿಯವರು, ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಅವರ ಓಣಿ ಹೋತು, ಪರಿಹಾರ ಬಂತು, ನವನಗರದಾಗ ಸೆಕ್ಟರ್ ನಂಬರಿನ ಮ್ಯಾಲೆ ಸೈಟ್ ಬಂತು. ರಸ್ತೆ ಅಗಲ ಐತಿ, ಮನಿ ಹಿಂದಿಗಿಂತ ದೊಡ್ಡದೈತಿ. ಆದ್ರ ಹಳೇ ಓಣ್ಯಾಗ ಗೋಡಿಗೆ ಗೋಡಿ ಹತ್ತಿ ಇದ್ದ ಮನಿಯವರು ಒಬ್ಬರು ಒಂದ ಸೆಕ್ಟರಿಗೆ ಇನ್ನೊಬ್ಬರು ಇನ್ನೊಂದಕ್ಕ ಹಂಚಿ ಹೋದ್ರು. ಅವರತ್ತಿ ಇವತ್ತಿಗೂ ಏನರೆ ನೆಪ ತಗದು ಹಳೇ ಊರಿಗೆ ಹೋಗಿ ಬರ್ತಾರ, ಅಲ್ಲಿ ಉಳಿದ ಪ್ಯಾಟ್ಯಾಗ ಪರಿಚಯದ ಮಂದಿ ಸಿಗ್ತಾರ ಅಂತ. ಮನಿಗೆ ಎಷ್ಟು, ಹೊಲಕ್ಕ ಎಷ್ಟು ಅಂತ ಲೆಕ್ಕ ಆತು, ಬಾಜೂ ಮನಿಯವರು ಯಾರಿದ್ರು ಅನ್ನೋದು ಯಾವ ಫಾರ್ಮಿನ್ಯಾಗೂ ಬರಲಿಲ್ಲ. ಈಗ ಮತ್ತ ಆಲಮಟ್ಟಿ ನೀರು 519.60 ಮೀಟರಿನಿಂದ 524.256 ಮೀಟರಿಗೆ ಏರಸೋ ಮಾತು ನಡದೈತಿ, ಇನ್ನೂ ಹಳ್ಳಿಗಳ ಎದ್ದು ಹೋಗಬೇಕಾಗ್ತೈತಿ. ನೀರಾವರಿ ಬೇಕು, ನಾ ಬ್ಯಾಡ ಅನ್ನಂಗಿಲ್ಲ, ವಿಜಯಪುರ ಬಾಗಲಕೋಟಿ ಒಣ ಹೊಲದವರ ಕಷ್ಟ ನಮಗ ಗೊತ್ತೈತಿ. ಆದ್ರ ಈ ಸಲ ಪುನರ್ವಸತಿ ಕೇಂದ್ರ ಮಾಡೋವಾಗ ಓಣಿಗೆ ಓಣಿ ಕೂಡಿಸಿ ಸೈಟ್ ಕೊಡ್ರಿ, ಮೊದಲ ದಿನಾನ ಗಿಡ ಹಚ್ಚಿ ಕಟ್ಟಿ ಕಟ್ರಿ, ಸಂತಿಗೆ ಜಾಗ ಊರ ನಡಬರಕ ಇಡ್ರಿ ಅಂತ ಈಗ ಹೇಳಲಿಲ್ಲಂದ್ರ ಆಮ್ಯಾಲೆ ಹೇಳಿ ಉಪಯೋಗಿಲ್ಲ.

ಲೇಖನ ಬರದವರ ಮಾತು ಪೂರಾ ಸುಳ್ಳು ಅಂತ ನಾ ಅನ್ನಂಗಿಲ್ರಿ. ಹೊಸಾ ಲೇಔಟಿನ್ಯಾಗ ಮನಿ ಕಟ್ಟಿಸಿದವರು ಬಾಗಲಾ ಹಾಕ್ಕೊಂಡು ಇರ್ತಾರ, ಸಂಜಿಕ ಟಿವಿ ಮುಂದ ಕುಂತವರು ಏಳಂಗಿಲ್ಲ, ಹುಡುಗ್ರು ಮೊಬೈಲ್ ಗೇಮಿನ್ಯಾಗ ರೊಕ್ಕ ಕಳ್ಕೊಂಡದ್ದೂ ಈ ಊರಾಗ ಆಗೈತಿ. ಆದ್ರ ಆ ಲೇಔಟ್ ನೋಡ್ರಿ, ಉದ್ದಕ ಸೈಟು, ಪಾರ್ಕ್ ಅಂತ ಬಿಟ್ಟ ಜಾಗಕ್ಕ ತಂತಿ ಬೇಲಿ, ಒಳಗ ಜಾಲಿ ಗಿಡ. ಯಾರರೆ ಹೊರಗ ಬಂದ್ರ ಎಲ್ಲಿ ಕುಂದರಬೇಕು?

ನಾ ದೊಡ್ಡದೇನೂ ಕೇಳವಲ್ಲೆ. ಸಂತಿ ಇದ್ದಲ್ಲೇ ಇರಲಿ, ಗಾಡಿಗಳಿಗೆ ಆ ಒಂದು ದಿನ ಬ್ಯಾರೆ ದಾರಿ ಮಾಡ್ರಿ, ಅಂಬ್ಯುಲೆನ್ಸಿಗೆ ಒಂದು ಬಾಜೂ ಖಾಲಿ ಬಿಡಿಸ್ರಿ, ಸಂತಿ ಹೆಣ್ಣಮಕ್ಕಳ ಅದನ್ನ ಒಪ್ಪತಾರ, ನಾ ಕೇಳೀನಿ. ಸಂತಿ ಹಂತ್ಯಾಕ ಹೆಂಗಸರಿಗೆ ನೀರು ಇರೋ ಪಾಯಖಾನಿ, ಕೀಲಿ ಹಾಕಲಾರದಂಗ. ಗಟಾರ ರಸ್ತೆ ಮಾಡೋವಾಗ ಕಟ್ಟಿ ಒಡದ್ರ ತಿರುಗಿ ಕಟ್ಟಿ ಕೊಡೋದು ಆ ಕಾಮಗಾರಿ ಎಸ್ಟಿಮೇಟಿನ್ಯಾಗ ಸೇರಲಿ. ಸಮುದಾಯ ಭವನದ ಕೀಲಿ ಸಂಘದ ಹೆಣ್ಣಮಕ್ಕಳ ಕೈಯಾಗ ಇರಲಿ. ಹಣಮಪ್ಪನ ಗುಡಿ ಮುಂದ ಒಂದು ಬೇವಿನ ಸಸಿ ಹಚ್ಚಾಕ ನಾವ ತಯಾರದೀವಿ, ಹಚ್ಚಿದ ಮ್ಯಾಲೆ ಕೀಳಂಗಿಲ್ಲ ಅಂತ ಮಾತು ಬೇಕು.

ನಿಮ್ಮ ಕಡಿಂದನೂ ಒಂದು ಆಗಬೇಕ್ರಿ. ಜಿಲ್ಲಾ ಪುಟದಾಗ ನಮ್ಮ ಊರಿನ ಹೆಸರು ಬರೋದು ಅಪಘಾತ ಆದಾಗ, ಕಳುವು ಆದಾಗ, ಇಲೆಕ್ಷನ್ ಬಂದಾಗ. ಯಾವ ಊರಿನ ಸಂತಿ ಎಲ್ಲಿ ಸರಿಸಾಕ ಹತ್ಯಾರ, ಅಲ್ಲಿ ವ್ಯಾಪಾರ ಸಮಿತಿ ಐತೋ ಇಲ್ಲೋ, ಅದರಾಗ ಹೆಂಗಸರು ಯಾರದಾರ ಅಂತ ನಿಮ್ಮ ವರದಿಗಾರರು ಊರೂರಿಗೆ ಹೋಗಿ ಕೇಳಿ ಬರೀಲಿ. ಸಂತಿ ದಿನಾನ ಬರಲಿ, ಬಂದವರು ಚೀಲದ ಬಾಜೂ ಕುಂತು ಮಾತಾಡಲಿ, ಆ ಹೆಣ್ಣಮಕ್ಕಳು ಹೇಳ್ತಾರ. ನಮ್ಮ ಊರಿನ ಹೊಸಾ ಜಾಗದ ತೀರ್ಮಾನ ಇನ್ನೂ ಪಕ್ಕಾ ಆಗಿಲ್ಲ, ಬರೋ ಸಭಾದಾಗ ಇಡ್ತಾರಂತ ಕೇಳೀನಿ. ಅದಕ್ಕಿಂತ ಮೊದಲ ಈ ಪತ್ರ ಹಾಕಿದ್ರ ಉಪಕಾರ ಆಗ್ತೈತಿ, ಆಮ್ಯಾಲೆ ಹಾಕಿದ್ರ ಕೆಲಸಕ್ಕ ಬರಂಗಿಲ್ಲ.

ಇಂತಿ ನಿಮ್ಮ ಪತ್ರಿಕಾ ಓದುವಾಕಿ,
ಬಾಗಲಕೋಟೆ ಜಿಲ್ಲೆ